ಒಡೆದವರ ಲೆಕ್ಕ: ಮಾವನ ಜೊತೆ ವೇಲ್ಸ್‌ನಲ್ಲಿ ಐದು ದಿನ

ಮಾವ ಬ್ರಿಸ್ಟಲ್‌ಗೆ ಬಂದು ಹದಿನೈದು ದಿನವಾಗಿತ್ತು. ಲಂಡನ್ ತೋರಿಸಿದ್ದೆ, ಬಾತ್ ತೋರಿಸಿದ್ದೆ. ಎರಡು ಕಡೆಯೂ "ಚೆನ್ನಾಗದೆ ಕಣಮ್ಮ" ಅಂದಿದ್ದರು, ಬೀಗರ ಮನೆಯಲ್ಲಿ ಉಪ್ಪಿಲ್ಲದ ಸಾರು ಉಂಡವರು ಹೇಳುವ ಹಾಗೆ. ಮಾವ ಅಂದರೆ ಅಮ್ಮನ ತಮ್ಮ. ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದ ಕೋಟೆಯೊಳಗೆ. ಮಂಡ್ಯ ಸುತ್ತಮುತ್ತ ನಾಲೆ, ಸೇತುವೆ ಕಟ್ಟಿಸಿ ಇಂಜಿನಿಯರ್ ಆಗಿ ನಿವೃತ್ತರಾದವರು. ನೆಟ್ಟಗೆ ನಿಂತ ಕಟ್ಟಡ ಅವರಿಗೆ ಹಿಡಿಸುವುದಿಲ್ಲ. ಬಿರುಕು ಬಿಟ್ಟ ಗೋಡೆ ಕಂಡರೆ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ಟಕಟಕ ಬಡಿಯುತ್ತಾರೆ.

ಹಾಗಾದರೆ ವೇಲ್ಸ್‌ಗೇ ಹೋಗೋಣ ಅನ್ನಿಸಿತು. ಬಿದ್ದ ಕೋಟೆಗಳಿಗೆ, ಚಾವಣಿ ಇಲ್ಲದ ಮಠಗಳಿಗೆ ಅಲ್ಲಿ ಬರವಿಲ್ಲ. ಮನೆಯವರಿಗೆ ರಜೆ ಸಿಗಲಿಲ್ಲ. ನಾನೇ ಕಾರು ಓಡಿಸುವುದು, ಮಾವ ಪಕ್ಕದಲ್ಲಿ ಕೂತು ಮ್ಯಾಪ್ ನೋಡುವುದು ಅಂತಾಯಿತು. ಮೇ ತಿಂಗಳು. ಡಬ್ಬಿಗಳಲ್ಲಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ನಿಪ್ಪಟ್ಟು. ಮಾವನ ಜೇಬಲ್ಲಿ ಒಂದು ಪುಟ್ಟ ಡೈರಿ.

ಮೊದಲ ದಿನ: ಚೆಪ್‌ಸ್ಟೋ, ಟಿಂಟರ್ನ್

ಬ್ರಿಸ್ಟಲ್‌ನಿಂದ ಚೆಪ್‌ಸ್ಟೋಗೆ ಮುಕ್ಕಾಲು ಗಂಟೆಯೂ ಬೇಡ. 1966ರಲ್ಲಿ ತೆರೆದ ಹಳೇ ಸೆವರ್ನ್ ಸೇತುವೆ ದಾಟಿದರೆ ವೇಲ್ಸ್. 2018ರ ಡಿಸೆಂಬರ್‌ವರೆಗೆ ಇಲ್ಲಿ ಟೋಲ್ ಇತ್ತು, ಅದೂ ವೇಲ್ಸ್ ಒಳಗೆ ಹೋಗುವವರಿಗೆ ಮಾತ್ರ. ವಾಪಸ್ ಬರುವುದು ಪುಕ್ಕಟೆ. "ಚಕ್ರವ್ಯೂಹಕ್ಕೆ ಉಲ್ಟಾ" ಅಂದರು ಮಾವ.

ದಾಟಿದ ಕೂಡಲೇ ಬೋರ್ಡುಗಳಲ್ಲಿ ಎರಡು ಭಾಷೆ. ರಸ್ತೆಯ ಮೇಲೆ ಸ್ಲೋ ಅನ್ನುವುದರ ಜೊತೆಗೇ ದೊಡ್ಡದಾಗಿ 'ಅರಾವ್' ಅಂತ ಬರೆದಿರುತ್ತಾರೆ. ವೆಲ್ಷ್‌ನಲ್ಲಿ ನಿಧಾನ ಅಂತ ಅರ್ಥ. ಮಾವನಿಗೆ ಆ ಪದ ಎಷ್ಟು ಇಷ್ಟವಾಯಿತೆಂದರೆ ಐದು ದಿನವೂ ನಾನು ಸ್ವಲ್ಪ ಜೋರಾಗಿ ಹೋದರೆ ಸಾಕು, "ಅರಾವ್, ಅರಾವ್." ಊರೊಳಗೆ ಗಂಟೆಗೆ 20 ಮೈಲಿ ಅಂತ 2023ರಲ್ಲಿ ಮಾಡಿದ ನಿಯಮ ಬೇರೆ. ಎತ್ತಿನಗಾಡಿಯೂ ಹಿಂದೆ ಹಾಕುತ್ತೇನೋ ಅನ್ನುವ ವೇಗ.

ಚೆಪ್‌ಸ್ಟೋ ಕೋಟೆ ವೈ ನದಿಯ ಮೇಲಿನ ಸುಣ್ಣಕಲ್ಲಿನ ಬಂಡೆಯ ಮೇಲಿದೆ. ಬಂಡೆ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಗುತ್ತೆ ಅಂತ ಗೊತ್ತಾಗುವುದೇ ಕಷ್ಟ. ಇಂಗ್ಲೆಂಡ್ ಗೆದ್ದ ಮರುವರ್ಷವೇ, 1067ರಲ್ಲಿ, ನಾರ್ಮನ್ ದೊರೆ ವಿಲಿಯಂನ ಬಂಟ ವಿಲಿಯಂ ಫಿಟ್ಜ್‌ಆಸ್‌ಬರ್ನ್ ಇದನ್ನು ಶುರುಮಾಡಿದ. ನಡುವಿನ ದೊಡ್ಡ ಗೋಪುರದ ಗೋಡೆಯಲ್ಲಿ ಒಂದು ಸಾಲು ಕೆಂಪು ಇಟ್ಟಿಗೆ ಬಿಲ್ಲೆಗಳಿವೆ. ಮಾವ ಅಲ್ಲೇ ನಿಂತುಬಿಟ್ಟರು. "ಇದು ಈ ಕಟ್ಟಡದ್ದಲ್ಲ. ಎಲ್ಲಿಂದಲೋ ಕಿತ್ತು ತಂದದ್ದು." ಸರಿಯಾಗಿಯೇ ಹೇಳಿದ್ದರು. ಹತ್ತಿರದ ಕೇರ್‌ವೆಂಟ್‌ನಲ್ಲಿ ರೋಮನ್ನರು ಬಿಟ್ಟುಹೋದ ಊರಿನಿಂದ ಬಂದಿರಬೇಕು ಅನ್ನುತ್ತಾರೆ. ಅಂದರೆ ವೇಲ್ಸ್‌ನ ಅತಿ ಹಳೆಯ ಕಲ್ಲಿನ ಕೋಟೆಯೇ ಇನ್ನೊಂದು ಪಾಳು ಊರಿನ ಸಾಮಾನು ಹಾಕಿ ಕಟ್ಟಿದ್ದು.

ನನಗೆ ಹಿಡಿಸಿದ್ದು ಬಾಗಿಲು. ಒಂದು ಕೋಣೆಯಲ್ಲಿ ಹಳೆಯ ಹೆಬ್ಬಾಗಿಲ ಎರಡು ಕದಗಳನ್ನು ನಿಲ್ಲಿಸಿದ್ದಾರೆ. ಮರದ ಉಂಗುರ ಎಣಿಸಿ 1190ಕ್ಕಿಂತ ಈಚಿನದಲ್ಲ ಅಂತ ಕಂಡುಕೊಂಡಿದ್ದಾರೆ, ಯುರೋಪಿನ ಅತಿ ಹಳೆಯ ಕೋಟೆ ಬಾಗಿಲು ಅಂತ ಹೆಸರು. ಹೊರಮೈಗೆ ಕಬ್ಬಿಣದ ತಗಡು, ಒಳಮೈಗೆ ಜಾಲರಿಯ ಹಾಗೆ ಅಡ್ಡ ಉದ್ದ ಮರದ ಪಟ್ಟಿ. 1962ರವರೆಗೆ ಗಾಳಿ ಮಳೆಯಲ್ಲಿ ಹೆಬ್ಬಾಗಿಲಲ್ಲೇ ಇತ್ತಂತೆ. ಎಂಟುನೂರು ವರ್ಷ ಊರಿನ ಪ್ರತಿಯೊಬ್ಬನೂ ಮುಟ್ಟಿರಬಹುದಾದ ಮರ. ಈಗ ಮುಟ್ಟಬೇಡಿ ಅಂತ ಬೋರ್ಡು.

ಅಲ್ಲಿಂದ ಟಿಂಟರ್ನ್ ಐದಾರು ಮೈಲಿ, ನದಿ ಪಕ್ಕದ ಕಾಡಿನ ರಸ್ತೆ. ಒಂದು ತಿರುವಿನಲ್ಲಿ ಥಟ್ಟಂತ ಮಠ ಎದುರಿಗೆ ಬಂತು. ಎಷ್ಟೋ ಫೋಟೊ ನೋಡಿದ್ದೆ, ಆದರೂ ಆ ಎತ್ತರಕ್ಕೆ ತಯಾರಿರಲಿಲ್ಲ. ಚಾವಣಿ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇದೆ. ಕಂಬ, ಕಮಾನು, ಆಕಾಶವನ್ನೇ ಗಾಜು ಮಾಡಿಕೊಂಡ ಕಿಟಕಿಗಳು. ನಡುಮನೆ ಇದ್ದ ಕಡೆ ಹುಲ್ಲು. ಒಂದು ಪಕ್ಕ ರಿಪೇರಿಗೆ ಅಟ್ಟಣೆ ಕಟ್ಟಿದ್ದರು. ಜನ ಅದು ಬಾರದಂತೆ ಫೋಟೊ ತೆಗೆಯಲು ಒದ್ದಾಡುತ್ತಿದ್ದರೆ, ಮಾವ ಅಟ್ಟಣೆಯದ್ದೇ ನಾಲ್ಕು ಫೋಟೊ ಹೊಡೆದರು.

1131ರಲ್ಲಿ ಸಿಸ್ಟರ್ಶಿಯನ್ ಪಂಥದ ಸನ್ಯಾಸಿಗಳು ಇಲ್ಲಿ ನೆಲೆಸಿದರು. ಬಿಳಿ ನಿಲುವಂಗಿ, ಊರಿಂದ ದೂರ, ಮೈಮುರಿಯುವ ದುಡಿಮೆ, ಇದು ಅವರ ಕಟ್ಟಳೆ. ಈಗ ಕಾಣುವ ದೊಡ್ಡ ಚರ್ಚನ್ನು 1269ರಲ್ಲಿ ಶುರುಮಾಡಿ 1301ರ ಹೊತ್ತಿಗೆ ಮುಗಿಸಿದರು. ಒಡೆಯಲು ಮಾತ್ರ ಒಂದು ಸಹಿ ಸಾಕಾಯಿತು. ಎಂಟನೇ ಹೆನ್ರಿ ರೋಮ್‌ನ ಪೋಪ್ ಜೊತೆ ಮುರಿದುಕೊಂಡಿದ್ದ. ವರ್ಷಕ್ಕೆ 200 ಪೌಂಡ್‌ಗಿಂತ ಕಡಿಮೆ ವರಮಾನದ ಮಠಗಳನ್ನು ಮೊದಲು ಮುಚ್ಚಿಸಿದ. ಟಿಂಟರ್ನ್ ವೇಲ್ಸ್‌ನಲ್ಲೇ ಶ್ರೀಮಂತ ಮಠ, ಆದರೂ ಆ ಗೆರೆಯ ಕೆಳಗೇ ಬಿತ್ತು. 1536ರ ಸೆಪ್ಟೆಂಬರ್ 3ರಂದು ಮಠಾಧಿಪತಿ ಕೀಲಿ ಒಪ್ಪಿಸಿದ. ಜಾಗ ವೂಸ್ಟರ್‌ನ ಅರ್ಲ್ ಹೆನ್ರಿ ಸಾಮರ್‌ಸೆಟ್ ಪಾಲಾಯಿತು. ಚಾವಣಿಗೆ ಹೊದಿಸಿದ್ದ ಸೀಸದ ಹಾಳೆ ಕಿತ್ತು ಮಾರಿದರು.

"ಅಷ್ಟೇ ಸಾಕು," ಅಂದರು ಮಾವ. "ಮೇಲಿನ ಹೊದಿಕೆ ತೆಗೆದ್ರೆ ಮಿಕ್ಕ ಕೆಲಸ ಮಳೆ ಮಾಡ್ತದೆ. ಕೂಲಿ ಕೊಡೋ ಹಂಗಿಲ್ಲ."

ಇನ್ನೊಂದು ತಮಾಷೆ ಹೇಳಿದೆ. 18ನೇ ಶತಮಾನದಲ್ಲಿ ವೈ ನದಿಯಲ್ಲಿ ದೋಣಿ ಪ್ರವಾಸ ದೊಡ್ಡ ಫ್ಯಾಶನ್ ಆಗಿತ್ತು. ಆಗ ಬಂದ ವಿಲಿಯಂ ಗಿಲ್ಪಿನ್ ಅನ್ನುವ ಪಾದ್ರಿಗೆ ಈ ಪಾಳು ಸಾಕಷ್ಟು ಪಾಳಾಗಿ ಕಾಣಲಿಲ್ಲ. ಗೋಡೆಯ ತುದಿಗಳು ಚೂಪಾಗಿ ಕಣ್ಣಿಗೆ ಚುಚ್ಚುತ್ತವೆ, ಸುತ್ತಿಗೆಯಿಂದ ಜಾಣತನವಾಗಿ ಒಂದಿಷ್ಟು ಒಡೆದರೆ ಚಂದವಾಗುತ್ತೆ ಅಂತ ಬರೆದಿಟ್ಟ. ಮಾವ ಡೈರಿ ತೆಗೆದು ಗೆರೆ ಎಳೆದರು. ಒಂದು ಕಡೆ 'ಕಟ್ಟಿದವರು', ಇನ್ನೊಂದು ಕಡೆ 'ಒಡೆದವರು'. ಟಿಂಟರ್ನ್ ಮುಂದೆ ಹೆನ್ರಿಯ ಹೆಸರು ಬರೆದು ಪಕ್ಕದಲ್ಲಿ "ಒಬ್ಬ ಪಾದ್ರಿ (ಆಸೆ ಮಾತ್ರ)" ಅಂತ ಸೇರಿಸಿದರು.

ಎರಡನೇ ದಿನ: ರಾಗ್ಲನ್, ಲಾಂಥೋನಿ

ಬೆಳಿಗ್ಗೆ ಒಂಬತ್ತೂವರೆಗೇ ರಾಗ್ಲನ್ ಬಾಗಿಲಲ್ಲಿ ಕಾದಿದ್ದೆವು. ಹಿಂದಿನ ದಿನವೇ 'ಕಾದು' ಪಾಸ್ ಕೊಂಡಿದ್ದೆವು. ಇಲ್ಲಿನ ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಹೆಸರು ಅದು. ಉಚ್ಚಾರ ಕಾಡು, ಕಾದು ಎರಡರ ನಡುವೆ ಎಲ್ಲೋ ಇದೆ. ವೆಲ್ಷ್‌ನಲ್ಲಿ ಕಾಪಾಡು, ಇಟ್ಟುಕೋ ಅಂತ ಅರ್ಥ. ನಮ್ಮ 'ಕಾಯು, ಕಾದು' ಜೊತೆ ಸಂಬಂಧವೇನೂ ಇಲ್ಲ, ಬರೀ ಕಾಕತಾಳೀಯ. ಮಾವ ಒಪ್ಪಲಿಲ್ಲ. "ಹೊಲ ಕಾಯೋದು, ಕೋಟೆ ಕಾಯೋದು, ಎಲ್ಲ ಒಂದೇ ಕಣಮ್ಮ."

ರಾಗ್ಲನ್ 15ನೇ ಶತಮಾನದ್ದು. ಯುದ್ಧಕ್ಕಿಂತ ಜಂಬಕ್ಕೆ ಕಟ್ಟಿದ ಕೋಟೆ. ಕಂದಕದ ನಡುವೆ ಆರು ಮೂಲೆಯ ಒಂಟಿ ಗೋಪುರ, ಅದಕ್ಕೆ ಗ್ವೆಂಟ್‌ನ ಹಳದಿ ಗೋಪುರ ಅಂತಲೇ ಹೆಸರು. ಬಿಸಿಲಿಗೆ ಕಲ್ಲು ನಿಜಕ್ಕೂ ಹುರಿದ ಬೇಳೆಯ ಬಣ್ಣಕ್ಕಿತ್ತು. 1646ರಲ್ಲಿ, ಇಂಗ್ಲೆಂಡಿನ ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ನಡೆದಿದ್ದಾಗ, ರಾಜನ ಕಡೆ ನಿಂತಿದ್ದಕ್ಕೆ ಪಾರ್ಲಿಮೆಂಟಿನ ಸೈನ್ಯ ಮುತ್ತಿಗೆ ಹಾಕಿತು. ಆಗಸ್ಟ್‌ನಲ್ಲಿ ಕೋಟೆ ಶರಣಾಯಿತು. ಇನ್ನು ಯಾರೂ ಒಳಗೆ ಅಡಗಬಾರದು ಅಂತ ಗೋಪುರ ಒಡೆಯಲು ಹೊರಟರು. ಮೊದಲು ಮೇಲಿನಿಂದ ಗುದ್ದಲಿ ಹಾಕಿ ಸೋತರು. ಆಮೇಲೆ ಬುಡ ಕೊರೆದು, ಮರದ ಆಸರೆ ಕೊಟ್ಟು, ಆಸರೆಗೆ ಬೆಂಕಿ ಇಟ್ಟರು. ಆರರಲ್ಲಿ ಎರಡು ಮೈ ಕುಸಿಯಿತು. ನಾಲ್ಕು ಇವತ್ತಿಗೂ ನಿಂತಿವೆ.

ಒಡೆದ ಜಾಗದಲ್ಲಿ ಗೋಡೆಯ ಹೊಟ್ಟೆ ಕಾಣುತ್ತೆ. ಎರಡೂ ಕಡೆ ನಯವಾಗಿ ಕೆತ್ತಿದ ಕಲ್ಲು, ನಡುವೆ ಸುಣ್ಣದ ಗಾರೆಯಲ್ಲಿ ಕಲಸಿ ತುಂಬಿದ ಚೂರುಕಲ್ಲು. ಮಾವ ಅಲ್ಲಿ ಅರ್ಧ ಗಂಟೆ ಕಳೆದರು. ಕಾದುವಿನವರು ಗೋಡೆಯ ತಲೆಗೆ ಹೊಸ ಗಾರೆ ಮೆತ್ತಿದ್ದಾರೆ, ಅದೂ ಸುಣ್ಣದ್ದೇ. ಸಿಮೆಂಟ್ ಹಾಕಿದರೆ ಗಟ್ಟಿಯಾಗಿ ಕೂತು ಒಳಗಿನ ನೀರನ್ನು ಹೊರಗೆ ಬಿಡುವುದಿಲ್ಲ, ಚಳಿಗೆ ಆ ನೀರು ಹೆಪ್ಪುಗಟ್ಟಿ ಕಲ್ಲನ್ನೇ ಸೀಳುತ್ತೆ. ಸುಣ್ಣ ಉಸಿರಾಡುತ್ತೆ. "ನಾನೂ ಎಷ್ಟೋ ಹಳೇ ಗೋಡೆಗೆ ಸಿಮೆಂಟ್ ಬಳಿಸಿದೀನಿ," ಅಂದರು. "ಆಗ ಯಾರೂ ಹೇಳಿರಲಿಲ್ಲ."

ಡೈರಿ ತುಂಬಿಸುವಾಗ ನನಗೊಂದು ವಿಷಯ ಹೊಳೆಯಿತು. ರಾಗ್ಲನ್‌ನಲ್ಲಿ ಸೋತ ವಯಸ್ಸಾದ ಕೋಟೆ ಒಡೆಯನ ಹೆಸರೂ ಹೆನ್ರಿ ಸಾಮರ್‌ಸೆಟ್. ಟಿಂಟರ್ನ್ ಕೈಗೆ ಬಂದಿತ್ತಲ್ಲ, ಆ ಅರ್ಲ್‌ನ ವಂಶದವನು. ಮಠದ ಸೀಸ ಮಾರಿದವರ ಮನೆಯೇ 110 ವರ್ಷಕ್ಕೆ ಬಿತ್ತು. ಮಾವ ಎರಡು ಸಾಲುಗಳ ನಡುವೆ ಒಂದು ಬಾಣದ ಗುರುತು ಹಾಕಿದರು.

ಲಾಂಥೋನಿಗೆ ಹೋಗುವ ರಸ್ತೆಯ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಒಂದೇ ಕಾರಿನ ಅಗಲ. ಎರಡೂ ಕಡೆ ಆಳೆತ್ತರದ ಬೇಲಿ. ಎದುರಿಗೆ ಟ್ರ್ಯಾಕ್ಟರ್. ಅದರ ಹಿಂದೆ ಇನ್ನೊಂದು ಕಾರು. ಹಿಂದಕ್ಕೆ ಹೋಗಬೇಕಾದವಳು ನಾನೇ. ಇನ್ನೂರು ಗಜ ರಿವರ್ಸ್ ಹೋದೆ. ಮಾವ ಕಿಟಕಿಯಿಂದ ತಲೆ ಹೊರಹಾಕಿ "ಬರ್ಲಿ, ಬರ್ಲಿ, ರೈಟ್, ರೈಟ್" ಅನ್ನುತ್ತಲೇ ಇದ್ದರು. ಎಡಗಡೆ ಕನ್ನಡಿ ಬೇಲಿಗೆ ತಗುಲಿ ಮಡಚಿಕೊಂಡಿತು, ಬಾಗಿಲ ಮೇಲೆ ಉದ್ದಕ್ಕೊಂದು ಗೀರು ಬಿತ್ತು. ಟ್ರ್ಯಾಕ್ಟರಿನವನು ಒಂದು ಬೆರಳು ಎತ್ತಿ ಥ್ಯಾಂಕ್ಸ್ ಹೇಳಿ ಹೋದ. ಒಂದೇ ಬೆರಳು!

ಮಠ ಕಂಡಾಗ ಸಿಟ್ಟು ಇಳಿಯಿತು. ಬ್ಲ್ಯಾಕ್ ಮೌಂಟನ್ಸ್ ಅನ್ನುವ ಬೆಟ್ಟಸಾಲಿನ ಕಣಿವೆಯ ತಳದಲ್ಲಿ ಕಮಾನುಗಳ ಒಂದು ಸಾಲು, ಹಿಂದೆ ಹಸಿರು ಬೆಟ್ಟ, ಸುತ್ತ ಕುರಿಮರಿಗಳ ಅರಚಾಟ. ಟಿಕೆಟ್ ಇಲ್ಲ. ಬೇಟೆಗೆ ಬಂದ ವಿಲಿಯಂ ಡಿ ಲೇಸಿ ಅನ್ನುವ ಯೋಧ ಇಲ್ಲಿದ್ದ ಪುಟ್ಟ ಗುಡಿಯೊಂದರಲ್ಲಿ ತಂಗಿ, ಕತ್ತಿ ಬಿಟ್ಟು ಸನ್ಯಾಸಿಯಾದ ಅನ್ನುವುದು ಸ್ಥಳಪುರಾಣ. ಮಠದ ಒಂದು ಭಾಗ ಈಗ ಹೋಟೆಲು, ನೆಲಮಾಳಿಗೆಯ ಕಮಾನಿನ ಕೆಳಗೆ ಬಾರು. ಮಾವ ಹುಬ್ಬೇರಿಸಿದರು. ಆದರೂ ಅಲ್ಲೇ ಕೂತು ಟೀ ಕುಡಿದು, ನಿಪ್ಪಟ್ಟಿನ ಡಬ್ಬಿ ತೆರೆದೆವು.

ಕಣಿವೆಯ ತಲೆಯಲ್ಲಿ ಗಾಸ್ಪೆಲ್ ಪಾಸ್. 549 ಮೀಟರ್ ಎತ್ತರದ ಘಟ್ಟ, ವೇಲ್ಸ್‌ನಲ್ಲಿ ಇಷ್ಟು ಎತ್ತರಕ್ಕೆ ಏರುವ ಸಾರ್ವಜನಿಕ ರಸ್ತೆ ಇನ್ನೊಂದಿಲ್ಲವಂತೆ. ಚಾರ್ಮಾಡಿ ಕಂಡವರಿಗೆ ಇದು ಏನೂ ಅಲ್ಲ. ಇಳಿದರೆ ಹಳೇ ಪುಸ್ತಕದಂಗಡಿಗಳ ಊರು ಹೇ-ಆನ್-ವೈ. ನಾವು ತಲುಪುವ ಹೊತ್ತಿಗೆ ಅಂಗಡಿ ಮುಚ್ಚುತ್ತಿದ್ದರು.

ಮೂರನೇ ದಿನ: ಕಾರೆಗ್ ಕೆನೆನ್, ಅಸ್ತ್ರಾಡ್ ಫ್ಲೀರ್

ಇಡೀ ಪ್ರವಾಸದಲ್ಲಿ ಒಂದೇ ಜಾಗ ನೋಡು ಅಂದರೆ ನಾನು ಕಾರೆಗ್ ಕೆನೆನ್ ಅನ್ನುತ್ತೇನೆ. ಟಿಂಟರ್ನ್ ಅಭಿಮಾನಿಗಳು ಕ್ಷಮಿಸಬೇಕು.

ಲಾಂಡೈಲೋ ಊರಿನಿಂದ ಸ್ವಲ್ಪ ದೂರ, ಒಂದು ಕಡೆ ಪೂರ್ತಿ ಕಡಿದು ಹೋದ ಸುಣ್ಣಕಲ್ಲಿನ ಗುಡ್ಡ, ಅದರ ನೆತ್ತಿಯ ಮೇಲೆ ಕೋಟೆ. ಹೋಗುವ ದಾರಿ ಒಬ್ಬ ರೈತನ ಹೊಲಮನೆಯ ಅಂಗಳದಲ್ಲಿ ಹಾಯುತ್ತೆ. ಕೋಟೆಯೂ ಆ ರೈತ ಕುಟುಂಬದ್ದೇ. 1960ರ ದಶಕದಲ್ಲಿ ಜಮೀನು ಕೊಂಡಾಗ ಕ್ರಯಪತ್ರದಲ್ಲಿ ಕೋಟೆಯೂ ತಪ್ಪಿ ಸೇರಿಹೋಗಿತ್ತಂತೆ. ನಿರ್ವಹಣೆ ಕಾದುವಿನದ್ದು, ಮಾಲೀಕತ್ವ ರೈತನದ್ದು. ಮಾವ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ನಮ್ಮ ಕಡೆ ಪತ್ರದಲ್ಲಿ ಅರ್ಧ ಗುಂಟೆ ಜಾಸ್ತಿ ಬಂದ್ರೆ ಮೂರು ತಲೆಮಾರು ಕೋರ್ಟಿಗೆ ಅಲೀತಾರೆ. ಇಲ್ಲಿ ಕೋಟೆ ಬಂದದೆ!"

ಹತ್ತುವುದು ಇಪ್ಪತ್ತು ನಿಮಿಷ. ಮಾವನಿಗೆ ಎಪ್ಪತ್ತೊಂದು, ಮೂರು ಕಡೆ ಕೂತರು. ಕೂತಾಗೆಲ್ಲ ಕುರಿಗಳು ಬಂದು ನೋಡಿಕೊಂಡು ಹೋದವು. ಮೇಲೆ ಗಾಳಿ ಹೇಗಿತ್ತೆಂದರೆ ನನ್ನ ದುಪಟ್ಟಾ ಕಾರಲ್ಲಿ ಬಿಟ್ಟಿದ್ದೇ ಒಳ್ಳೆಯದಾಯಿತು.

ಇಲ್ಲಿನ ವಿಶೇಷ ಗುಹೆ. ಕೋಟೆಯ ಒಂದು ಮೂಲೆಯಲ್ಲಿ ಮೆಟ್ಟಿಲಿಳಿದರೆ ಬಂಡೆಯ ಅಂಚಿಗೆ ಅಂಟಿಕೊಂಡಂತೆ ಕಟ್ಟಿದ ಓಣಿ, ಕಿಂಡಿಗಳಿಂದ ಅಷ್ಟಿಷ್ಟು ಬೆಳಕು. ಅದು ಮುಗಿದ ಕಡೆ ಗುಡ್ಡದ ಹೊಟ್ಟೆಯೊಳಗೆ ತಾನಾಗಿ ಆದ ಗುಹೆ ಶುರು. ಕೆಳಗೆ ಹೊಲಮನೆಯಲ್ಲಿ ಟಾರ್ಚ್ ಬಾಡಿಗೆಗೆ ಕೊಡುತ್ತಾರೆ. ಫೋನ್ ಇದೆಯಲ್ಲ ಅಂತ ನಾನು ತಗೊಂಡಿರಲಿಲ್ಲ. ಗುಹೆಯೊಳಗೆ ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಫೋನಿನ ಚಾರ್ಜ್ ಖಲಾಸ್. ಬೆಳಿಗ್ಗೆಯಿಂದ ಮ್ಯಾಪ್ ಹಾಕಿಕೊಂಡಿದ್ದಲ್ಲವಾ.

ಆ ಕತ್ತಲೆಯನ್ನು ಹೇಗೆ ಹೇಳುವುದು? ಕಣ್ಣು ಮುಚ್ಚಿದರೂ ಬಿಟ್ಟರೂ ಒಂದೇ. ಕೈಗೆ ತಣ್ಣನೆಯ ಒದ್ದೆ ಕಲ್ಲು. ಎಲ್ಲೋ ಒಂದು ಹನಿ, ತುಂಬ ಹೊತ್ತು ಬಿಟ್ಟು ಇನ್ನೊಂದು ಹನಿ. ಹಿಂದಿನಿಂದ ಮಾವನ ಧ್ವನಿ, ಏನೂ ಆಗದವರ ಹಾಗೆ: "ನಿಂತಲ್ಲೇ ನಿಂತ್ಕೊ. ಎಡಗೈ ಗೋಡೆ ಮೇಲಿಡು. ತಿರುಕ್ಕೊಂಡು ಬಲಗೈ ಇಡು. ಬಾ." ಹಾಗೇ ತಡವಿಕೊಂಡು ಹೊರಬಂದೆವು. ಗುಹೆಯ ಬಾಯಲ್ಲಿ ಒಂದು ಪುಟ್ಟ ಹುಡುಗಿ ಅಪ್ಪನ ಜೊತೆ ಟಾರ್ಚ್ ಹಿಡಿದು ನಿಂತಿತ್ತು. ನಮ್ಮನ್ನು ದೆವ್ವ ಕಂಡ ಹಾಗೆ ನೋಡಿತು.

ಈ ಕೋಟೆ ಒಡೆದದ್ದು 1462ರಲ್ಲಿ. ಇಂಗ್ಲೆಂಡಿನ ಗದ್ದುಗೆಗೆ ಎರಡು ಮನೆತನ ಬಡಿದಾಡುತ್ತಿದ್ದ ಕಾಲ. ಸೋತ ಕಡೆಯವರು ಇಲ್ಲಿ ಸೇರಿಕೊಂಡಿದ್ದರು. ಗೆದ್ದವರು 500 ಆಳುಗಳನ್ನು ಹಾರೆ, ಗುದ್ದಲಿ ಕೊಟ್ಟು ಮೇಲೆ ಕಳಿಸಿದರು. ಖರ್ಚು 28 ಪೌಂಡ್ ಚಿಲ್ಲರೆ. ಆಗ ಪೌಂಡಿಗೆ 240 ಪೆನ್ನಿ ಅಂತ ನಾನು ಹೇಳಿದ್ದೇ ತಡ, ಮಾವ ಡೈರಿಯಲ್ಲಿ ಭಾಗಿಸಿದರು. ತಲೆಗೆ ಸುಮಾರು 13 ಪೆನ್ನಿ. "ಎಷ್ಟು ದಿನದ ಕೆಲ್ಸ ಅಂತ ಹಾಕಿಲ್ಲವಲ್ಲ," ಅಂತ ಬೇಜಾರು ಮಾಡಿಕೊಂಡರು. "ಅದು ಗೊತ್ತಿಲ್ದೆ ರೇಟು ಹೆಂಗೆ ಹೇಳೋದು?"

ಮಧ್ಯಾಹ್ನ ಹೊಲಮನೆಯಲ್ಲೇ ಊಟ. ಗ್ಲಾಮೋರ್ಗನ್ ಸಾಸೇಜ್ ಅನ್ನುವ ಹೆಸರು ಕೇಳಿ ಮಾವ ತಟ್ಟೆ ದೂರ ತಳ್ಳಿದರು. ಅದರಲ್ಲಿ ಮಾಂಸವೇ ಇಲ್ಲ, ಚೀಸು, ಲೀಕ್ ಸೊಪ್ಪು, ಬ್ರೆಡ್ ಪುಡಿ ಅಂತ ಅಡುಗೆಯವರೇ ಬಂದು ಹೇಳಬೇಕಾಯಿತು. ಆಮೇಲೆ ಚಟ್ನಿಪುಡಿ ಉದುರಿಸಿಕೊಂಡು ಎರಡು ತಿಂದರು.

ಸಂಜೆ ಬೆಟ್ಟಗಳ ನಡುವಿನ ಒಂದು ಮೂಲೆಯಲ್ಲಿ ಅಸ್ತ್ರಾಡ್ ಫ್ಲೀರ್. ಲ್ಯಾಟಿನ್‌ನಲ್ಲಿ ಸ್ಟ್ರಾಟಾ ಫ್ಲೊರಿಡಾ. ಹೂಗಣಿವೆ ಅನ್ನಬಹುದು. 1164ರಲ್ಲಿ ಶುರುವಾದ ಸಿಸ್ಟರ್ಶಿಯನ್ ಮಠ. ವೆಲ್ಷ್ ದೊರೆ ರೀಸ್ ಅಪ್ ಗ್ರಿಫಿದ್ ಇದನ್ನು ಸಾಕಿದ. ಅವನ ವಂಶದ ಎಷ್ಟೋ ಜನರ ಸಮಾಧಿ ಇಲ್ಲಿದೆ. ಈಗ ಉಳಿದದ್ದು ಪಶ್ಚಿಮದ ಒಂದು ಬಾಗಿಲು ಮಾತ್ರ ಅಂದರೂ ತಪ್ಪಿಲ್ಲ. ಹಗ್ಗದ ಸುರುಳಿಗಳನ್ನು ಒಂದರೊಳಗೊಂದು ಇಟ್ಟು ಅಲ್ಲಲ್ಲಿ ಕಟ್ಟು ಹಾಕಿದಂತೆ ಕಮಾನಿನ ಕೆತ್ತನೆ. ಅದರೊಳಗಿಂದ ನೋಡಿದರೆ ಮಠ ಇರಬೇಕಾದ ಕಡೆ ಹುಲ್ಲು, ಆಚೆ ಬೆಟ್ಟ. ಮಿಕ್ಕ ಕಲ್ಲು? ಮಾವ ಪಕ್ಕದ ಹೊಲದ ಗೋಡೆ, ಕೊಟ್ಟಿಗೆಗಳ ಕಡೆ ಕೈ ತೋರಿಸಿದರು. "ಇನ್ನೆಲ್ಲಿಗೆ ಹೋಗ್ತದೆ?"

ಪಕ್ಕದ ಚರ್ಚಿನ ಅಂಗಳದಲ್ಲಿ ಒಂದು ಮುದಿ ಯೂ ಮರ. ವೆಲ್ಷ್‌ನ ದೊಡ್ಡ ಕವಿ, 14ನೇ ಶತಮಾನದ ದಾವಿದ್ ಅಪ್ ಗ್ವಿಲಿಮ್ ಇದರಡಿ ಮಲಗಿದ್ದಾನೆ ಅನ್ನುವುದು ನಂಬಿಕೆ. ಅದಕ್ಕಿಂತ ನಮ್ಮನ್ನು ನಿಲ್ಲಿಸಿದ್ದು ಇನ್ನೊಂದು ಸಮಾಧಿ. ಹೆನ್ರಿ ಹ್ಯೂಸ್ ಅನ್ನುವ, ಪೀಪಾಯಿ ಮಾಡುವ ಕಸುಬಿನವನ ಎಡಗಾಲು ಮತ್ತು ತೊಡೆಯ ಭಾಗ ಕತ್ತರಿಸಿ 1756ರ ಜೂನ್ 18ರಂದು ಇಲ್ಲಿ ಹೂಳಲಾಯಿತು ಅಂತ ಕಲ್ಲಲ್ಲಿ ಬರೆದಿದೆ. ಬರೀ ಕಾಲಿಗೆ ಸಮಾಧಿ! ದೊರೆಗಳ ಹೆಸರೆಲ್ಲ ಅಳಿಸಿದೆ, ಪೀಪಾಯಿಯವನ ಕಾಲಿನ ತಾರೀಖು ಮಾತ್ರ ಸ್ಪಷ್ಟ.

ನಾಲ್ಕನೇ ದಿನ: ಹಾರ್ಲೆಖ್

ಮಳೆ. ಕಿಮರ್ ಮಠವನ್ನು ಕಾರಿನ ಕಿಟಕಿಯಿಂದಲೇ ನೋಡಿದೆವು, ಅಷ್ಟೇ.

ಹಾರ್ಲೆಖ್ ಮಧ್ಯಾಹ್ನ ತಲುಪಿದೆವು. 1283ರಲ್ಲಿ ವೇಲ್ಸನ್ನು ಗೆದ್ದ ಒಂದನೇ ಎಡ್ವರ್ಡ್ ಅದನ್ನು ಹಿಡಿದಿಟ್ಟುಕೊಳ್ಳಲು ಸುತ್ತಲೂ ಕೋಟೆ ಕಟ್ಟಿಸಿದನಲ್ಲ, ಅವುಗಳಲ್ಲೊಂದು. ಕಟ್ಟಿಸಿದ ಮೇಸ್ತ್ರಿ ಸವಾಯ್ ಕಡೆಯಿಂದ ಬಂದ ಜೇಮ್ಸ್ ಆಫ್ ಸೇಂಟ್ ಜಾರ್ಜ್. ಮಾವನ ಪ್ರಕಾರ ಈ ಪ್ರವಾಸದಲ್ಲಿ ಹೆಸರು ನೆನಪಿಡಬೇಕಾದವನು ಇವನೊಬ್ಬನೇ. ಕೋಟೆಯ ಪಾದಕ್ಕೆ ಆಗ ಸಮುದ್ರ ಬರುತ್ತಿತ್ತು. ಮುತ್ತಿಗೆ ಬಿದ್ದರೆ ಬಂಡೆಗೆ ಕಡಿದ 108 ಮೆಟ್ಟಿಲ ಮೂಲಕ ದೋಣಿಯಿಂದ ದವಸ ಮೇಲೆ ಬರುತ್ತಿತ್ತು. "ನೂರೆಂಟಾ? ಲೆಕ್ಕ ಸರಿಯಾಗಿ ಇಟ್ಟವ್ನೆ!" ಈಗ ಸಮುದ್ರ ಹಿಂದೆ ಸರಿದು, ಆ ಜಾಗದಲ್ಲಿ ರೈಲು ಹಳಿ, ಮನೆ, ಗಾಲ್ಫ್ ಮೈದಾನ, ಮರಳ ದಿಬ್ಬ. 1404ರಲ್ಲಿ ವೆಲ್ಷ್ ನಾಯಕ ಓವೈನ್ ಗ್ಲಿಂಡೂರ್ ಇದನ್ನು ಹಿಡಿದ, 1409ರಲ್ಲಿ ಕಳೆದುಕೊಂಡ. ರಾಗ್ಲನ್ ಬಿದ್ದ ಅದೇ ಅಂತರ್ಯುದ್ಧದಲ್ಲಿ, 1647ರಲ್ಲಿ, ರಾಜನ ಕಡೆಯ ಕೋಟೆಗಳಲ್ಲಿ ಕೊನೆಗೆ ಶರಣಾದದ್ದು ಇದೇ. ಒಡೆಯಲು ಆಜ್ಞೆಯಾಯಿತು, ಕೆಲಸ ಪೂರ್ತಿ ನಡೆಯಲಿಲ್ಲ. ಡೈರಿಯಲ್ಲಿ "ಅರ್ಧ ಬಿಲ್" ಅಂತ ಬಿತ್ತು.

ರಾತ್ರಿ ಡೊಲ್ಗೆಲ್ಲೈನಲ್ಲಿ ತಂಗಿದೆವು. ನಾನು ಬುಕ್ ಮಾಡಿದ ಎರಡು ಕೋಣೆ ಒಂದಾಗಿತ್ತು, ಅದು ಬೇರೆ ಕತೆ, ಬಿಡಿ. ಪಕ್ಕದ ಬೇರೆ ಮನೆಯವರು ಜಾಗ ಕೊಟ್ಟರು. ಆ ಮನೆಯ ಅಜ್ಜಿ ಕಾವಲಿಯ ಮೇಲೆ ವೆಲ್ಷ್ ಕೇಕ್ ಬೇಯಿಸುತ್ತಿದ್ದರು. ಮೈದಾ, ಬೆಣ್ಣೆ, ಒಣದ್ರಾಕ್ಷಿಯ ಪುಟ್ಟ ಬಿಲ್ಲೆ, ಎರಡೂ ಕಡೆ ಕಂದು ಬರುವಂತೆ. ಮಗುಚುವ ಕೈ ನೋಡಿದರೆ ನಮ್ಮಜ್ಜಿ ಒಬ್ಬಟ್ಟು ಮಗುಚಿದ ಹಾಗೇ.

ಊರ ಹೆಸರನ್ನು ಮಾವ ಹೇಳಿದ ರೀತಿ ಕೇಳಿ ಅಜ್ಜಿ ನಕ್ಕುಬಿಟ್ಟರು. ವೆಲ್ಷ್‌ನ ಜೋಡಿ ಲ ನಮ್ಮ ಒತ್ತಕ್ಷರ ಅಲ್ಲ. ನಾಲಿಗೆಯನ್ನು ಲ ಹೇಳುವ ಜಾಗದಲ್ಲಿಟ್ಟು, ಧ್ವನಿ ಇಲ್ಲದೆ, ಬದಿಯಿಂದ ಉಸಿರು ಊದಬೇಕು. ಹಾವು ಬುಸುಗುಟ್ಟುವುದಕ್ಕೂ ಬೆಕ್ಕು ಸಿಡುಕುವುದಕ್ಕೂ ನಡುವಿನ ಸದ್ದು. ಅಡುಗೆಮನೆಯಲ್ಲಿ ಇಬ್ಬರೂ ಹತ್ತು ನಿಮಿಷ ಊದಿದರು. ಮಾವನಿಗೆ ಬರಲಿಲ್ಲ. ಕೋಣೆಗೆ ಹೋದ ಮೇಲೂ ಗೋಡೆಯಾಚೆಯಿಂದ ಆ ಸದ್ದು ಕೇಳುತ್ತಿತ್ತು.

ಐದನೇ ದಿನ: ಪೋವಿಸ್

ಮನೆಗೆ ವಾಪಸಾಗುವ ದಾರಿಯಲ್ಲಿ ವೆಲ್ಷ್‌ಪೂಲ್. ಅಲ್ಲಿನ ಪೋವಿಸ್ ಕೋಟೆ ಪಾಳಲ್ಲ. ಕೆಂಪು ಕಲ್ಲಿನ ಅರಮನೆಯಂಥ ಕೋಟೆ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ತೋಟ, ಮೋಡ ಇಳಿದು ಕೂತಂತೆ ಉಬ್ಬಿದ ಯೂ ಪೊದೆಗಳು, ನವಿಲು. ಇದು ನ್ಯಾಷನಲ್ ಟ್ರಸ್ಟ್ ಅನ್ನುವ ಬೇರೆ ಸಂಸ್ಥೆಯದ್ದು, ಕಾದು ಪಾಸ್ ನಡೆಯುವುದಿಲ್ಲ. ಇಲ್ಲಿಗೆ ಯಾಕೆ ಅಂತ ಮಾವನಿಗೆ ನಾನು ಹೇಳಿರಲಿಲ್ಲ. "ಇದು ನೆಟ್ಟಗಿದೆಯಲ್ಲಮ್ಮ," ಅಂತ ಗೇಟಲ್ಲೇ ಗೊಣಗಿದರು.

1274ರಲ್ಲಿ ವೆಲ್ಷ್ ರಾಜ ಲವೆಲಿನ್ ಇದನ್ನು ಕೆಡವಿದ್ದ, ಯಾಕೆಂದರೆ ಇದರ ಯಜಮಾನ ಎಡ್ವರ್ಡ್ ಕಡೆಗೆ ವಾಲಿದ್ದ. ಎಡ್ವರ್ಡ್ ಗೆದ್ದ, ಕೋಟೆ ಮತ್ತೆ ಎದ್ದಿತು. ಮುಂದೆ ಕೈ ಬದಲಾದರೂ ಗೋಡೆ ಉಳಿಯಿತು. ಈ ಮನೆಯ ಹೆಣ್ಣುಮಗಳು ಹೆನ್ರಿಯೆಟಾ 1784ರಲ್ಲಿ ಎಡ್ವರ್ಡ್ ಕ್ಲೈವ್‌ನನ್ನು ಮದುವೆಯಾದಳು. ಪ್ಲಾಸಿಯ ಕ್ಲೈವ್‌ನ ಮಗ ಅವನು. 1798ರಿಂದ 1803ರವರೆಗೆ ಮದ್ರಾಸಿನ ಗವರ್ನರ್. ನಡುವೆ 1799ರ ಮೇ 4 ಬಂತು.

ಮ್ಯೂಸಿಯಂ ಕೋಣೆಯಲ್ಲಿ ಬೆಳಕು ಮಂದ. ಹಳೇ ಬಟ್ಟೆಗೆ ಬೆಳಕು ಆಗುವುದಿಲ್ಲ. ಮಾವ ಗಾಜಿನ ಮುಂದೆ ನಿಂತು ಹೆಸರಪಟ್ಟಿ ಓದಿದರು. ಟಿಪ್ಪು ಸುಲ್ತಾನನ ಡೇರೆ. ಮತ್ತೆ ಓದಿದರು. ಕನ್ನಡಕ ತೆಗೆದು ಒರೆಸಿದರು.

ಬಿಳಿ ಹತ್ತಿ ಬಟ್ಟೆ. ಅದರ ಮೇಲೆ ಕಮಾನಿನ ಗೂಡು, ಗೂಡಿನೊಳಗೆ ಹೂದಾನಿ, ಹೂದಾನಿಯಿಂದ ಎರಡೂ ಕಡೆ ಸಮಸಮವಾಗಿ ಕೆಂಪು ಹೂ, ಹಸಿರು ಎಲೆ. ಕೈಯಿಂದ ಬರೆದು ಬಣ್ಣ ಹಾಕಿದ್ದು. ಬುರ್ಹಾನ್‌ಪುರದ ಕಡೆ, ಟಿಪ್ಪು ಹುಟ್ಟುವ ಮೊದಲೇ ಮಾಡಿದ್ದಿರಬೇಕು ಅನ್ನುತ್ತಾರೆ ಬಲ್ಲವರು. ಹತ್ತಿರದಲ್ಲೇ ಸಿಂಹಾಸನದ ಚಿನ್ನದ ಹುಲಿತಲೆ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಹಲ್ಲು ಕಿರಿದುಕೊಂಡು. ಮಾವ ಅದನ್ನು ಹೆಚ್ಚು ನೋಡಲಿಲ್ಲ. ಡೇರೆಯ ಮುಂದೆಯೇ ಕುಕ್ಕರುಗಾಲಲ್ಲಿ ಕೂತು ಕೆಳಗಿನ ಅಂಚು ನೋಡತೊಡಗಿದರು.

"ಕನಾತು ಕಣಮ್ಮ ಇದು. ಗಳು ಎಲ್ಲಿ ತೂರಿಸ್ತಿದ್ರು ನೋಡ್ಬೇಕು."

ಅಲ್ಲಿದ್ದ ಮಹಿಳೆ, ನಡುವಯಸ್ಸು ದಾಟಿದವರು, ಟ್ರಸ್ಟ್‌ನ ಸ್ವಯಂಸೇವಕಿ, ಹತ್ತಿರ ಬಂದರು. ಕ್ಲೈವ್ ಮನೆತನದವರು ಇದನ್ನು ತೋಟದ ಪಾರ್ಟಿಗಳಿಗೆ ಹಾಕುತ್ತಿದ್ದರು ಅಂತ ಹೇಳಿದರು. ಹೆನ್ರಿಯೆಟಾ 1800ರಲ್ಲಿ ಮಕ್ಕಳ ಜೊತೆ ಮೈಸೂರು ಸೀಮೆ ಸುತ್ತಿದಳು, ಟಿಪ್ಪುವಿನ ರಾಜಧಾನಿಗೂ ಹೋಗಿದ್ದಳು ಅಂದರು. ಊರ ಹೆಸರನ್ನು ಇಂಗ್ಲಿಷರು ಬರೆಯುವ ಹಾಗೆ 'ಸೆರಿಂಗಪಟಮ್' ಅಂದರು.

"ಅದು ನಮ್ಮೂರು," ಅಂದರು ಮಾವ ಇಂಗ್ಲಿಷಿನಲ್ಲಿ. "ಕೋಟೆ ಒಳಗೇ ಮನೆ. ಅರಮನೆ ಇದ್ದ ಜಾಗದಲ್ಲಿ ಈಗ ತಳಪಾಯ ಉಳಿದದೆ. ಚಿಕ್ಕಂದಿನಲ್ಲಿ ಅಲ್ಲಿ ಗೋಲಿ ಆಡ್ತಿದ್ವಿ."

ಆಕೆಗೆ ಏನು ಹೇಳಬೇಕೋ ತೋಚಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಊರಿನವರು ಆ ಹೆಸರನ್ನು ಹೇಗೆ ಹೇಳುತ್ತಾರೆ ಅಂತ ಕೇಳಿದರು. ತಾವು ಬಾಲಾ ಕಡೆಯವರು, ಮನೆಮಾತು ವೆಲ್ಷ್, ತಮ್ಮೂರ ಹೆಸರುಗಳನ್ನು ಎಲ್ಲರೂ ಕೆಡಿಸುವುದು ಕೇಳಿ ಸಾಕಾಗಿದೆ ಅಂದರು.

ಮಾವ ಎದ್ದು ನಿಂತು ಬಿಡಿಸಿ ಹೇಳಿದರು. ಶ್ರೀ. ರಂಗ. ಪಟ್ಟಣ. ಆಕೆ ಹೇಳಿದರು. ಶ್ರೀ ಬಂತು, ರಂಗ ಬಂತು. ಕೊನೆಯ ಣ ಎಷ್ಟು ಸಲ ಹೇಳಿದರೂ ನ ಆಗುತ್ತಿತ್ತು. ನಾಲಿಗೆ ಮಡಚಿ ಅಂತ ಮಾವ ಬೆರಳಿಂದ ತೋರಿಸಿದರು. ಆಕೆ ಮಡಚಿದರು, ನಕ್ಕರು, ಮತ್ತೆ ಪ್ರಯತ್ನ ಪಟ್ಟರು.

"ಪರವಾಗಿಲ್ಲ ಬಿಡಿ," ಅಂದರು ಮಾವ. "ನಂಗೂ ನಿಮ್ಮ ಲ್ಲ ಬರ್ತಾ ಇಲ್ಲ."

ಕಾರಿಗೆ ಬಂದು ಡೈರಿ ತೆಗೆದರು. ಪೋವಿಸ್, ಕಟ್ಟಿದವರು, ಎಲ್ಲ ಬರೆದರು. 'ಒಡೆದವರು' ಕಡೆಗೆ ಬಂದಾಗ ಪೆನ್ನು ನಿಂತಿತು. ಒಂದು ಗೆರೆ ಎಳೆದು, ಅದರ ಕೆಳಗೆ ಹೊಸ ಸಾಲಿನಲ್ಲಿ ತಮ್ಮೂರ ಹೆಸರು ಬರೆದು, ಡೈರಿ ಮುಚ್ಚಿ ಜೇಬಿಗೆ ಹಾಕಿಕೊಂಡರು. ನಾನು ಕಾರು ಶುರುಮಾಡಿದೆ. ಗೇಟು ದಾಟುವ ಮೊದಲೇ ಪಕ್ಕದಿಂದ ಮೆಲ್ಲಗೆ ಉಸಿರು ಊದುವ ಸದ್ದು ಬಂತು. ಇನ್ನೂ ಅಭ್ಯಾಸ ನಡೆದಿತ್ತು.